ಕಳೆಯಬೇಕಿದ್ದ ನೀರು

ಪ್ರೀತಿಯ ಸುತ್ತಿಗೆ,

ಲ್ಯಾಬಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಸದಾ ಕಲ್ಲು ಬಡಿದು ನೋಡುತ್ತಿದ್ದ ನೀನು, ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಾಳೆಯೊಂದನ್ನು ಹಿಡಿದು ನನ್ನ ಕೋಣೆಗೆ ಬಂದಿದ್ದೆ.

“ಮೇಡಂ, ಬಂಡೆಯ ಬಲದಿಂದ ಬಿರುಕಿನೊಳಗಿನ ನೀರಿನ ಒತ್ತಡ ಕಳೀಬೇಕಲ್ವಾ? ಓರೆ ಬಿರುಕು ಬಂದಾಗ ನಮ್ಮ ಪ್ರೋಗ್ರಾಂ ಅದನ್ನ ಕೂಡ್ತಾ ಇದೆ.”

ನೀರು ಹೊಕ್ಕಷ್ಟೂ ಬಂಡೆ ಸಡಿಲವಾಗಬೇಕು. ನನ್ನ ಲೆಕ್ಕದಲ್ಲಿ ಗಟ್ಟಿಯಾಗುತ್ತಿತ್ತು. ಸುರಂಗ ಕೊರೆಯುವಾಗ ಬಂಡೆ ಎಷ್ಟು ಗಟ್ಟಿ ಎಂದು ಹೇಳುವ, ಹದಿನಾಲ್ಕು ವರ್ಷದ ಕೆಲಸ, ನನ್ನನ್ನು ಪ್ರೊಫೆಸರ್ ಮಾಡಿದ ಪ್ರೋಗ್ರಾಂ ಅದು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಾಳೆಯನ್ನು ಓದಲೂ ಇಲ್ಲ. “ಮೊದಲು ಪಿಎಚ್‌ಡಿ ಮುಗಿಸು, ಆಮೇಲೆ ನನಗೆ ಪಾಠ ಹೇಳುವಿಯಂತೆ” ಅಂದೆ. ನೀನು ಮುಗಿಸಲಿಲ್ಲ, ಹೊರಟುಹೋದೆ. ಬೇರೆ ವಿಶ್ವವಿದ್ಯಾಲಯದವರು ನಿನ್ನ ಬಗ್ಗೆ ಅಭಿಪ್ರಾಯ ಕೇಳಿದಾಗ, “ಶ್ರಮಜೀವಿ, ಆದರೆ ಹಿರಿಯರ ಮಾತು ಕೇಳುವುದಿಲ್ಲ” ಎಂದು ಬರೆದೆ. ಅವರು ನಿನ್ನನ್ನು ಯಾಕೆ ಬೇಡವೆಂದರೋ ನಿನಗೆ ಗೊತ್ತಿರಲಿಕ್ಕಿಲ್ಲ. ಈಗ ಗೊತ್ತಾಗಲಿ.

ಕಳೆದ ತಿಂಗಳು ಒಂದು ಸುರಂಗದ ಚಾವಣಿ ಕುಸಿಯಿತು. ನಮ್ಮ ಲೆಕ್ಕ ನಂಬಿ ಅಲ್ಲಿ ಆಧಾರದ ಬೋಲ್ಟುಗಳನ್ನು ದೂರದೂರ ಹಾಕಿದ್ದರು. ಕೊರೆಯುವ ಯಂತ್ರ ನಡೆಸುವಾತನ ಬಲಗೈ ಹೋಯಿತು. ಸುದ್ದಿ ಬಂದ ದಿನವೇ ನೀನು ಬಿಟ್ಟುಹೋಗಿದ್ದ ಹಾಳೆ ಹುಡುಕಿ ತೆಗೆದೆ. ನೀನು ಹೇಳಿದ್ದು ಸರಿಯೆಂದು ತಿಳಿಯಲು ಅರ್ಧ ಗಂಟೆ ಸಾಕಾಯಿತು. ಏಳು ವರ್ಷದಲ್ಲಿ ಆ ಅರ್ಧ ಗಂಟೆ ನನಗೆ ಬಿಡುವಾಗಲಿಲ್ಲ.

ಆಸ್ಪತ್ರೆಗೆ ಹೋದೆ. ಹೆಂಡತಿ ಕಿತ್ತಳೆ ಬಿಡಿಸಿ ಆತನ ಬಾಯಿಗಿಡುತ್ತಿದ್ದಳು. ಆತ ನನ್ನನ್ನೇ ಸಮಾಧಾನ ಮಾಡಲು ಹೊರಟ: “ಕಲ್ಲು ಗಟ್ಟಿ ಇದೆ ಅಂತ ಕಂಪ್ಯೂಟರ್ ಹೇಳಿತ್ತಂತೆ ಮೇಡಂ. ಹಾಗಾದ್ರೆ ನಾನೇ ಎಲ್ಲೋ ಜಾಸ್ತಿ ಕೊರೆದಿರ್ಬೇಕು.”

ತಪ್ಪು ನನ್ನದು ಎಂದೆ. ಆತನಿಗೆ ಅರ್ಥವಾಗಲಿಲ್ಲ, ಆಕೆಗಾಯಿತು. “ಮೊದಲೇ ಗೊತ್ತಿತ್ತಾ?” ಎಂದಳು. “ಒಬ್ಬ ಹುಡುಗಿ ಹೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.” ಆಕೆ ಬೈಯಲಿಲ್ಲ. ಬಾಗಿಲ ಕಡೆ ಕೈ ತೋರಿಸಿದಳು.

ತನಿಖೆಯವರಿಗೂ, ಆ ಪ್ರೋಗ್ರಾಂ ಬಳಸುವ ಎಲ್ಲರಿಗೂ ಬರೆದಿದ್ದೇನೆ. ತಪ್ಪು ಕಂಡುಹಿಡಿದವಳು ನೀನೆಂದು ಪೂರ್ತಿ ಹೆಸರು ಹಾಕಿದ್ದೇನೆ. ನಿನ್ನ ಬಾಯಿ ಮುಚ್ಚಿಸಿದ್ದನ್ನೂ ಮುಚ್ಚಿಟ್ಟಿಲ್ಲ. ಇನ್ನೂ ಹನ್ನೊಂದು ಸುರಂಗಗಳ ಲೆಕ್ಕವನ್ನು ಮೊದಲಿನಿಂದ ಮಾಡಬೇಕಂತೆ. ಅದಕ್ಕೆ ಅವರು ನನ್ನನ್ನು ಕರೆಯಲಿಲ್ಲ, ನಿನ್ನ ವಿಳಾಸ ಕೇಳಿದರು. ಕೊಟ್ಟೆ. ಹೋಗು ಎನ್ನುವ ಹಕ್ಕು ನನಗಿಲ್ಲ. ಒಳಗೆ ಈಗಲೂ ಜನ ಕೆಲಸ ಮಾಡುತ್ತಿದ್ದಾರೆ ಎಂದಷ್ಟೇ ಹೇಳಬಲ್ಲೆ.

ಕ್ಷಮೆ ಕೇಳಿ ನಿನ್ನ ಮೇಲೆ ಇನ್ನೊಂದು ಭಾರ ಹೊರಿಸಲಾರೆ. ಇನ್ನಾದರೂ ನಿನ್ನ ಮಾತಿಗೆ ಕಿವಿಗೊಡುವವರೇ ನಿನಗೆ ಸಿಗಲಿ, ತಾಯಿ.

ಇಂತಿ,
ಒಂದು ಕಾಲಕ್ಕೆ ನಿನ್ನ ಗೈಡ್ ಎನಿಸಿಕೊಂಡವಳು