ಪದ್ಮವ್ವನ ಬಿಳೀ ಸಿಂಕು

ಮೂಡಲಗಿ, 9 ಜೂನ್ 1938, ಮುಂಜಾನೆ

ಇವತ್ತೂ ಅದೇ ದೃಶ್ಯ. ಬಚ್ಚಲ ಕರಿಗಲ್ಲಿನ ಮುಂದೆ ಪಾತ್ರೆ ತಿಕ್ಕಲು ಕುಳಿತ ಪದ್ಮವ್ವನಿಗೆ ಏಳಲಾಗಲಿಲ್ಲ. ಹೋಳಿಯ ಹೊತ್ತಿಗೆ ಮೆಟ್ಟಿಲಲ್ಲಿ ಜಾರಿದ ಮೊಣಕಾಲು — ಮಡಚಿದರೆ ಬಿಚ್ಚುವುದಿಲ್ಲ. ರಟ್ಟೆ ಹಿಡಿದು ಎತ್ತಿದೆ. ಕಂಪನಿ ನಾಟಕದಲ್ಲಿ ಭೀಮನಾಗಿ ಮೂರು ಊರು ನಡುಗಿಸಿದವನು ನಾನು. ಈಗ ಹೆಂಡತಿಯನ್ನು ಬಚ್ಚಲಿಂದ ಎತ್ತುವುದೇ ಪರಾಕ್ರಮ!

ಅವ್ವ ಕಟ್ಟೆಯ ಮೇಲಿಂದಲೇ ಬಾಣ ಬಿಟ್ಟಳು. "ಕುಂಡ್ರಾಕ ಬರದ ಸೊಸಿ ಮನಿ ಹ್ಯಾಂಗ ನಡಸ್ತಾಳೋ ತವನಪ್ಪಾ? ಯಮಕನಮರಡಿಗೆ ಕಳಸು. ತವರಾಗ ಆರಾಮ ಆಗಿ ಬರಲಿ."

ಪದ್ಮವ್ವ ನನಗೆ ಮಾತ್ರ ಕೇಳುವಂತೆ — "ಕುಂಟಿ ಅಂತ ಕಳಿಸಿದ್ರ ಹೋಗತೇನ್ರಿ. ಆದ್ರ ಮತ್ತ ಕರಿಯಾಕ ಬರಬ್ಯಾಡ್ರಿ."

ಡೈಲಾಗು ಹೊಡೆಯುವವಳಲ್ಲ ಅವಳು. ಹೇಳಿದ್ದನ್ನು ಮಾಡುವವಳು.

14 ಜೂನ್

ಗೌಂಡಿ ಲಗಮಪ್ಪನ ಜೊತೆ ಗೋಕಾಕಕ್ಕೆ. ಊರು ಬಿಡುತ್ತಿರುವ ಸಾಹೇಬನೊಬ್ಬನ ಬಂಗಲೆ ಸಾಮಾನು ಹರಾಜು. ನಿಂತು ಪಾತ್ರೆ ತೊಳೆಯುವ ಸಿಂಕು ಎರಡು. ಒಂದು ಕಬ್ಬಿಣದ್ದು, ಮೇಲಿನ ಬಿಳುಪು ಎದ್ದು ತುಕ್ಕು. ಇನ್ನೊಂದು ಪಿಂಗಾಣಿ... ಹಾಲಿನಲ್ಲಿ ಎರಕ ಹೊಯ್ದಂತೆ! ಕೈ ಎತ್ತಿ ವರ್ಣನೆ ಶುರು ಮಾಡಿದೆ. ಲಗಮಪ್ಪ ಅಂಗಿ ಜಗ್ಗಿದ. "ಬಾಯಿ ಮುಚ್ಚರಿ ಸಾವಕಾರ್ರ. ನೀವು ಹೊಗಳಿದಂಗೆಲ್ಲಾ ಸವಾಲು ಏರತೈತಿ."

ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಠಣ್. ಒಡಕಿದ್ದರೆ ಟೊಳ್ಳು ದನಿ ಬರುತ್ತದಂತೆ. ಮಸಿ ಕಲಸಿ ಒಳಗೆಲ್ಲ ಸವರಿ ಒರೆಸಿದ. ಒಂದು ಕರಿಗೆರೆಯೂ ಉಳಿಯಲಿಲ್ಲ. "ಬಿರುಕಿಲ್ಲ. ತಗೋರಿ."

ಜೋಳದ ಕಣಕಿ ಹಾಸಿ ಚಕ್ಕಡಿಯಲ್ಲಿ ತಂದೆವು. ಇಳಿಸಲು ನಾಲ್ಕು ಆಳು.

21 ಜೂನ್

ಕೂತಿತು! ಅಡುಗೆಮನೆ ಕಿಟಕಿಯ ಕೆಳಗೆ, ಎರಡು ಕಲ್ಲಿನ ಕಾಲಿನ ಮೇಲೆ, ಪದ್ಮವ್ವನ ಸೊಂಟದ ಎತ್ತರಕ್ಕೆ. ನೀರು ಹೋಗಲು ಹಿತ್ತಲ ಬಾಳೆಗಿಡದವರೆಗೆ ಪೈಪು. ಅವಳು ನಿಂತು ಆರು ತಂಬಿಗೆ ತೊಳೆದಳು. ಒಮ್ಮೆಯೂ ನರಳಲಿಲ್ಲ.

ಲಗಮಪ್ಪನ ಕಟ್ಟಪ್ಪಣೆ: "ಇಟ್ಟಂಗಿ ಪುಡಿ ಹಚ್ಚಬ್ಯಾಡ್ರಿ ಅಕ್ಕಾರ. ಹುಣಸಿ ರಸ ಬಿದ್ರ ಆಗಿಂದಾಗ ತೊಳೀರಿ, ಇಲ್ಲಾಂದ್ರ ಹೊಳಪು ಸತ್ತು ಹೋಗತೈತಿ. ತಾಮ್ರದ ಕೊಡ ಇಡೂ ಮುಂದ ಅರಿವಿ ಹಾಸ್ರಿ."

ಆಗ ಅವ್ವನ ಪ್ರವೇಶ. ಬಗ್ಗಿ ಕೆಳಗೆ ನೋಡಿದಳು. "ಈ ಪೈಪ್ ಯಾಕ ಡೊಂಕು?"

"ಅಲ್ಲಿ ಒಂಚೂರು ನೀರು ನಿಂತಿರತೈತ್ರಿ ಅಮ್ಮಾರ. ನಾತ ಮ್ಯಾಲ ಬರಂಗಿಲ್ಲ."

ಮುಗಿಯಿತು! ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಜೀವವನ್ನು ಮತ್ತೆ ಬಾವಿಗೇ ಮುಟ್ಟಿಸುವ ಜೈನರ ಮನೆ ಇದು. ಇಲ್ಲಿ ಆಡುವ ಮಾತೇ ಲಗಮಪ್ಪಾ ಅದು?

"ನಿಂತ ನೀರಾಗ ಜೀವ ಹುಟ್ಟತಾವೋ ತವನಪ್ಪಾ! ಅವುಗಳ ತಲಿ ಮ್ಯಾಲ ದಿನಾ ಬಿಸಿ ಮುಸುರಿ ಸುರಿಯೂದೇನು?"

ಅವ್ವ ಕಟ್ಟೆಯ ಮೇಲೆ ಬೇರೆ ಒಲೆ ಹೂಡಿದ್ದಾಳೆ. ನಮ್ಮ ಅಡುಗೆ ಮುಟ್ಟುವುದಿಲ್ಲವಂತೆ.

27 ಜೂನ್

ಡೊಂಕು ಕತ್ತರಿಸಿ ಪೈಪು ನೆಟ್ಟಗೆ ಮಾಡಿಸಿದೆ. ಲಗಮಪ್ಪ ಬೇಡ ಬೇಡ ಅಂದ. ಕೇಳಲಿಲ್ಲ.

28 ಜೂನ್

ಪ್ರವೇಶ — ಕಪ್ಪೆ. ಬಾಳೆಗಿಡದಿಂದ ನೆಟ್ಟಗಿನ ಪೈಪು ಹಿಡಿದು ನೆಟ್ಟಗೆ ಬಂದಿದೆ. ಬಿಳೀ ಸಿಂಕಿನ ನಡುವೆ ಸಿಂಹಾಸನ ಏರಿದಂತೆ ಕುಳಿತಿತ್ತು.

"ಮೊದಲ ಕಾಣದ ಜೀವ, ಈಗ ಕಾಣೂ ಜೀವ," ಅಂದಳು ಅವ್ವ. "ಚಾತುರ್ಮಾಸದ ನಾಕ ತಿಂಗಳು ಈ ಪಾಪ ನನಗ ಬ್ಯಾಡ. ಅದಕ್ಕ ಮೊದಲ ಇದು ಹೋಗಬೇಕು. ಇದು ಇಲ್ಲದ ಅಕಿಗೆ ನಡಿಯಂಗಿಲ್ಲ ಅಂದ್ರ, ಅಕಿ ಹೋಗಲಿ."

ಪೈಪಿನ ಬಾಯಿಗೆ ಜಾಳಿಗೆ ಬಡಿಸಿದೆ. ಕಪ್ಪೆ ನಿಂತಿತು. ಅವ್ವ ನಿಲ್ಲಲಿಲ್ಲ.

9 ಜುಲೈ

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಅವ್ವನ ಕಾಲು ಹಿಡಿದೆ, ಕೂಗಾಡಿದೆ. ಅತ್ತ ನಿಂತು ಭೀಮ, ಇತ್ತ ನಿಂತು ಧರ್ಮರಾಯ — ಯಾವ ಪಾರ್ಟಿಗೂ ಚಪ್ಪಾಳೆ ಬೀಳಲಿಲ್ಲ. ಇವತ್ತು ಮುಂಜಾನೆ ಅವ್ವ ಹೇಳಿ ಕರೆಸಿದ ಗಾಡಿ ಬಾಗಿಲಿಗೆ ಬಂದಿತು. ಪದ್ಮವ್ವನ ಟ್ರಂಕು ಹೊರಗೆ.

"ಇದ್ದ ಪಾತ್ರಿ ತೊಳದ ಹೋಗತೇನಿ," ಅಂದಳು ಪದ್ಮವ್ವ. ಸಿಂಕಿನ ಮುಂದೆ ನಿಂತಳು. ನಿಂತೇ ಇದ್ದಳು. ತಂಬಿಗೆ ನೀರು ಕೈಯಲ್ಲಿ, ಸುರಿಯುತ್ತಿಲ್ಲ.

"ಯಾಕ ನಿಂತಿ? ಗಾಡ್ಯಾಂವ ಕಾಯಾಕತ್ತಾನ," ಅವ್ವ ಗದರಿದಳು.

"ಬೆಲ್ಲದ ಪಾತ್ರಿಗೆ ಇರಿವಿ ಹತ್ಯಾವ್ರಿ ಅತ್ತಿ. ಇಳದ ಹೊಂಟಾವ. ಹೋಗಲಿ ಅಂತ ನಿಂತೇನಿ."

ಅವ್ವ ಬಂದು ಇಣುಕಿದಳು. ಬಿಳುಪಿನ ಮೇಲೆ ಒಂದೊಂದು ಇರುವೆಯೂ ಎಣಿಸುವಷ್ಟು ಸ್ಪಷ್ಟ. ಕಾಲು ಕೂಡ ಕಾಣುತ್ತಿದ್ದವು. ಬಹಳ ಹೊತ್ತು ನೋಡಿದಳು. ಆಮೇಲೆ ಹಿತ್ತಲ ಬಚ್ಚಲ ಕಡೆ ತಿರುಗಿದಳು.

"ಆ ಕರಿಕಲ್ಲಿನ ಮ್ಯಾಲ ನಲವತ್ತ ವರ್ಷ ಬೂದಿ ಒತ್ತಿ ತಿಕ್ಕೀನಿ..." ಅಂದಳು. "ಒಂದೂ ಕಂಡಿಲ್ಲಲ್ಲವಾ ಪದ್ಮವ್ವಾ ನನಗ. ಒಂದೂ."

 

ಕೊನೆಯ ಇರುವೆ ಗೋಡೆ ಹತ್ತಿತು. ಪದ್ಮವ್ವ ನೀರು ಸುರಿದಳು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಮೇಲೆ ಹಾಯ್ದಳು: "ಏನ್ ನೋಡತಿ? ಗಾಡಿ ತಿರುಗಿ ಕಳಸು. ಟ್ರಂಕ್ ಒಳಗ ತಾ."

12 ಜುಲೈ, ಸಂಜೆ

ಹೊಟ್ಟೆ ಹಸಿದು ಸಾಯುತ್ತಿದ್ದೇನೆ. ಹೊತ್ತು ಮುಳುಗುವ ಮುಂಚೆ ಉಣ್ಣಬೇಕು. ತಾಟು ಇನ್ನೂ ಸಿಂಕಿನಲ್ಲಿ. ಅವ್ವ ಅದರ ಬಾಜೂ ಸ್ಟೂಲು ಹಾಕಿ ಕುಳಿತಿದ್ದಾಳೆ. ಅವಳ ಅಪ್ಪಣೆಯಿಲ್ಲದೆ ಒಂದು ಹನಿ ಸುರಿಯುವಂತಿಲ್ಲ. "ತಡಿ ಪದ್ಮವ್ವಾ, ಅಲ್ಲೊಂದೈತಿ." "ಅದು ಎಳ್ಳರಿ ಅತ್ತಿ." "ಎಳ್ಳು ನಡೀತೈತೇನ?" ಇಬ್ಬರೂ ನಗುತ್ತಿದ್ದಾರೆ. ನಗಲಿ! ಇಲ್ಲೊಬ್ಬ ಪಂಚೇಂದ್ರಿಯದ ಜೀವ ಉಪವಾಸ ಬಿದ್ದಿದೆ, ಅದು ಯಾರಿಗೂ ಕಾಣುತ್ತಿಲ್ಲ.

"ತವನಪ್ಪಾ, ನಿನ್ನ ಚಾಳೀಸು ಕೊಡೋ!"

ಬರೆಯುತ್ತಿದ್ದೇನೆ ಅಂದೆ.

"ನಿನ್ನ ಬರವಣಿಗಿ ಸಾಯಂಗಿಲ್ಲ. ಇಲ್ಲಿ ಇರಿವಿ ಸಾಯತೈತಿ. ತಾ!"

ಚಾಳೀಸು ಕೊಟ್ಟರೆ ನನಗೆ ಅಕ್ಷರ ಕಾಣುವುದಿಲ್ಲ ಅಂದರೆ ಕೇಳುವವರಾರು? ಬಂದೇಬಿಟ್ಟಳು, ಕೈ ಚಾಚಿ... ಈ ಒಂದು ಸಾಲು ಮುಗಿಸಿ