ಮಾವ ಎಡಕ್ಕೆ ಎಂದರು

ಮಾರ್ಚ್ 2, ಶನಿವಾರ. ಬೆಳಿಗ್ಗೆ 7

ಇವತ್ತೂ ಹಲ್ಲುಜ್ಜುವಾಗ ಗಂಡ ಹಿಂದಿನಿಂದ ಬಂದು ಬ್ರಷ್ ಹಿಡಿಯುವ ಕೋನ ತಿದ್ದಿದ. ಡೆಂಟಿಸ್ಟನ್ನು ಮದುವೆಯಾದರೆ ಇಷ್ಟೇ. ಬಾಯ್ತುಂಬ ನೊರೆ ಇಟ್ಟುಕೊಂಡೇ 'ಐ ಲವ್ ಯೂ' ಎಂದೆ. ಅರ್ಥವಾಗಲಿಲ್ಲವಂತೆ. ಮತ್ತೆ ಹೇಳಿದೆ. ಕನ್ನಡಿ ತುಂಬ ನೊರೆ. ಓ ಗಾಡ್, ಇಷ್ಟೊಂದು ಖುಷಿಗೆ ಟ್ಯಾಕ್ಸ್ ಹಾಕದಿದ್ದರೆ ಸಾಕು!

ನಾಳೆ ದೊಡ್ಡ ದಿನ. ಅತ್ತೆ, ಮಾವ, ಇವನು — ಮೂವರನ್ನೂ ಫ್ಲೈಯಿಂಗ್ ಕ್ಲಬ್ಬಿನ ನಾಲ್ಕು ಸೀಟಿನ ವಿಮಾನದಲ್ಲಿ ಕರೆದೊಯ್ಯುತ್ತೇನೆ. ನಾನು ಪೈಲಟ್ ಆಗಿ ಒಂದು ವರ್ಷ, ಸೊಸೆಯಾಗಿ ಎರಡು ತಿಂಗಳು. ಅತ್ತೆ ನನ್ನನ್ನು ಮೊದಲ ವಾರವೇ ಪಾಸು ಮಾಡಿಬಿಟ್ಟರು. ಮಾವ… ಗೊತ್ತಿಲ್ಲ. ರಿಟೈರ್ಡ್ ರೈಲು ಡ್ರೈವರ್. ಹಾಲಿನವನನ್ನೂ ನಿಲ್ಲಿಸಿಕೊಂಡು ರೈಲಿನ ಕಥೆ ಹೇಳುತ್ತಾರೆ. ನನ್ನ ಜೊತೆ ಮಾತ್ರ 'ಊಟ ಆಯ್ತಾ?', 'ಬಾಗಿಲು ಹಾಕ್ಕೋ'. ಮುಗಿಯಿತು.

ನಾಳೆ ಮುಂದಿನ ಸೀಟು ಅವರಿಗೇ. ಬುಟ್ಟಿಗೆ ಹಾಕಿಕೊಳ್ಳದಿದ್ದರೆ ನನ್ನ ಹೆಸರು ಬದಲಿಸಿ.

ಮಾರ್ಚ್ 3, ಭಾನುವಾರ. ಸಂಜೆ 5

ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು.

ಪ್ಲಾನ್ ಸಿಂಪಲ್. ಈಶಾನ್ಯಕ್ಕೆ ನದಿಯ ಗುಂಟ ದೊಡ್ಡ ಸೇತುವೆಯವರೆಗೆ, ಒಂದು ಸುತ್ತು, ವಾಪಸ್. ಮೇಲೇರಿದ್ದೇ ಇವನು ಹಿಂದಿನ ಸೀಟಿನಲ್ಲಿ ಗೊರಕೆ. ಅತ್ತೆ ಕಿಟಕಿಗೆ ಮೂಗು ಒತ್ತಿ ಕೂತರು. ಮಾವ ಮೊದಲು ಗುಮ್ಮನ ಹಾಗಿದ್ದರು. ಆಮೇಲೆ ಕೆಳಗೆ ರೈಲು ಹಳಿ ಕಾಣಿಸಿತು.

"ಏ! ನನ್ನ ಲೈನು!"

ಅಷ್ಟೇ. ನಲ್ಲಿ ಬಿಚ್ಚಿಕೊಂಡಿತು. ಇಲ್ಲಿ ಎಮ್ಮೆ ಅಡ್ಡ ಬಂದಿದ್ದು, ಅಲ್ಲಿ ಸಿಗ್ನಲ್ ಕೆಟ್ಟಿದ್ದು, ಆ ಸ್ಟೇಷನ್ ಮಾಸ್ಟರನ ವಿಗ್ ಹಾರಿದ್ದು. ನನ್ನ ಕಡೆ ತಿರುಗಿ, ನನಗೇ ಹೇಳುತ್ತಿದ್ದರು! "ನದಿ ಯಾಕಮ್ಮ, ಅಡ್ಡಾದಿಡ್ಡಿ. ಹಳಿ ಹಿಡ್ಕೊ. ಸೀದಾ ಸೇತುವೆಗೇ ಹೋಗತ್ತೆ. ಮೂವತ್ತು ವರ್ಷ ಓಡಿಸಿದೀನಿ."

ಹಳಿ ಹಿಡಿದೆ. ಒಂದು ಕಡೆ ಅದು ಎರಡಾಗಿ ಒಡೆಯಿತು. ಮಾವನ ಮುಖ ನೋಡಿದೆ.

"ಎಡಕ್ಕೆ," ಎಂದರು. ಒಂದು ಕ್ಷಣವೂ ಯೋಚಿಸಲಿಲ್ಲ.

ಎಡಕ್ಕೆ ತಿರುಗಿಸಿದೆ. ಕಂಪಾಸ್ ಉತ್ತರ ಎಂದಿತು. ಈಶಾನ್ಯ ಇರಬೇಕಿತ್ತು. ನೋಡಿದೆ. ನೋಡಿದೆ! ದಾರಿ ತೋರಿಸುವ ಟ್ಯಾಬ್ಲೆಟ್ ಅತ್ತೆಯ ಕಾಲಡಿಯ ಬ್ಯಾಗಿನಲ್ಲಿ, ಪೇಪರ್ ಮ್ಯಾಪ್ ನನ್ನ ತೊಡೆಯ ಮೇಲೇ. 'ಒಂದು ನಿಮಿಷ ಇರಿ ಮಾವ' ಎಂದು ಮ್ಯಾಪ್ ಬಿಡಿಸಿದ್ದರೆ ಸಾಕಿತ್ತು. ಆದರೆ ಅವರು ಆಗಷ್ಟೇ ನನ್ನನ್ನು 'ಮಗಳೇ' ಎಂದಿದ್ದರು. ವಿಗ್ ಕಥೆ ಅರ್ಧದಲ್ಲಿತ್ತು. ಬಾಯಿ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಹೆಲಿಕಾಪ್ಟರ್. ಸೈನ್ಯದ್ದು. ಅತ್ತೆ ಖುಷಿಯಿಂದ ಟಾಟಾ ಮಾಡಿದರು. ಒಳಗಿದ್ದವನೂ ಕೈ ಬೀಸಿದ. ಅತ್ತೆ ಇನ್ನೂ ಜೋರಾಗಿ ಬೀಸಿದರು. "ಎಷ್ಟು ಒಳ್ಳೇ ಹುಡುಗ ನೋಡೇ!" ಅವನು ಹೇಳುತ್ತಿದ್ದುದು 'ನನ್ನ ಹಿಂದೆ ಬಾ' ಎಂದು.

ನಾವಿದ್ದದ್ದು ಮದ್ದುಗುಂಡಿನ ಉಗ್ರಾಣದ ಮೇಲೆ. ಮ್ಯಾಪಿನಲ್ಲಿ ಸುತ್ತಲೂ ಕೆಂಪು ಗೆರೆ, ಯಾರೂ ಹಾರುವಂತಿಲ್ಲ. ಆ ಎಡಗಡೆಯ ಹಳಿ ಗೂಡ್ಸ್ ಬಂಡಿಗಳಿಗೆಂದು ಉಗ್ರಾಣದ ಹೊಟ್ಟೆಯೊಳಗೇ ಹೋಗುತ್ತದೆ.

ಅವರು ತೋರಿಸಿದಲ್ಲಿ ಇಳಿಸಿದೆ. ಆರು ಜನ ಬಂದೂಕು ಹಿಡಿದು ಸುತ್ತ ನಿಂತರು. ಇವನು ಆಗ ಎದ್ದ. ಕಣ್ಣುಜ್ಜಿಕೊಂಡು, "ಸೇತುವೆ ಬಂತಾ?" ಎಂದ.

ಮಾರ್ಚ್ 4, ಸೋಮವಾರ

ಲೈಸೆನ್ಸ್ ತಡೆಹಿಡಿದಿದ್ದಾರೆ. ಶನಿವಾರ ವಿಚಾರಣೆ. ರದ್ದೂ ಆಗಬಹುದು ಎಂದರು ಕ್ಲಬ್ಬಿನ ಚೀಫ್. ರದ್ದು! ಎರಡು ವರ್ಷದ ಸಂಬಳ, ಎಲ್ಲ ರಜಾ, ಎಲ್ಲ ಬೆಳಗಿನ ಜಾವ ಅದರಲ್ಲಿದೆ. ಇವನ ಶರ್ಟ್ ತೊಯ್ಯುವಷ್ಟು ಅತ್ತುಬಿಟ್ಟೆ. ಇವನು ತಲೆ ಸವರಿದ. ಆಮೇಲೆ ಮೆಲ್ಲಗೆ, "ಹಲ್ಲು ಕಡೀಬೇಡ, ಎನಾಮಲ್ ಹೋಗತ್ತೆ." ಅಳುತ್ತಲೇ ನಗು ಬಂತು.

ಮಾವ ರೂಮಿನಿಂದ ಹೊರಗೆ ಬಂದಿಲ್ಲ. 'ಊಟ ಆಯ್ತಾ' ಕೂಡ ಇಲ್ಲ.

ಮಾರ್ಚ್ 9, ಶನಿವಾರ. ಮಧ್ಯಾಹ್ನ 3

ವಿಚಾರಣೆ ಮುಗಿಯಿತು. ಉದ್ದ ಮೇಜು, ಮೂವರು ಅಧಿಕಾರಿಗಳು, ಕಿರ್ರೆನ್ನುವ ಫ್ಯಾನ್.

"ಪ್ಯಾಸೆಂಜರ್ ಹೇಳಿದ ಕಡೆ ತಿರುಗಿಸೋಕೆ ಇದೇನು ಟ್ಯಾಕ್ಸೀನಾ?" ಎಂದರು ನಡುವಿನವರು.

"ಇಲ್ಲ ಸರ್. ಕಂಪಾಸ್ ಸರಿಯಾಗೇ ತೋರಿಸ್ತಿತ್ತು. ನಾನು ನೋಡಿದೆ, ಆದ್ರೂ ಮ್ಯಾಪ್ ತೆಗೀಲಿಲ್ಲ. ತಪ್ಪು ನನ್ನದೇ."

ಹಿಂದೆ ಕುರ್ಚಿ ಸರಿದ ಸದ್ದು. ಮಾವ! ಇಸ್ತ್ರಿ ಮಾಡಿದ ಹಳೆಯ ಯೂನಿಫಾರ್ಮ್ ಕೋಟು. ಬರುತ್ತೇನೆಂದು ಯಾರಿಗೂ ಹೇಳಿರಲಿಲ್ಲ.

"ನೀವ್ಯಾರು?"

"ದಾರಿ ತಪ್ಪಿಸಿದೋನು."

ನಡುವಿನವರು ನನ್ನ ಹೇಳಿಕೆಯ ಹಾಳೆ ತಿರುವಿದರು. "ಮೂವತ್ತು ವರ್ಷ ಓಡಿಸಿದ ಲೈನು, ಅದ್ಹೇಗ್ರೀ ತಪ್ಪತ್ತೆ?"

ಮಾವ ಕೋಟಿನ ಗುಂಡಿ ಹಿಡಿದುಕೊಂಡು ನಿಂತೇ ಇದ್ದರು. "ಸ್ವಾಮಿ, ನಾನು ಓಡಿಸಿದ್ದು ನಿಜ. ನಿಲ್ಲಿಸಿದ್ದೂ ನಿಜ. ಆದ್ರೆ ನನ್ನ ಸರ್ವೀಸಲ್ಲಿ ಒಂದು ದಿನಾನೂ ನಾನು *ತಿರುಗಿಸಿಲ್ಲ*. ರೈಲಿಗೆ ಸ್ಟೀರಿಂಗ್ ಇರಲ್ಲ. ಹಳಿ ಯಾವ ಕಡೆ ಜೋಡಿಸಿರ್ತಾರೋ ಆ ಕಡೆ ಹೋಗತ್ತೆ. ನಾನು ಸಿಗ್ನಲ್ ನೋಡ್ತಿದ್ದೆ, ದಾರಿ ನೋಡ್ತಿರಲಿಲ್ಲ. ಈ ಹುಡುಗಿ ಮೊದಲನೇ ಸಲ ಎಡಕ್ಕಾ ಬಲಕ್ಕಾ ಅನ್ನೋ ಹಾಗೆ ನೋಡಿದ್ಲು. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು."

ಮೂವರೂ ಪೆನ್ನು ಕೆಳಗಿಟ್ಟರು.

ತೀರ್ಪು: ಮೂವತ್ತನೇ ತಾರೀಕು ಹಿರಿಯ ಪರೀಕ್ಷಕರ ಜೊತೆ ಮತ್ತೊಮ್ಮೆ ಹಾರಾಟದ ಪರೀಕ್ಷೆ. ಬರೀ ಪೇಪರ್ ಮ್ಯಾಪ್, ವಾಚು, ಕಂಪಾಸ್. ಪಾಸಾದರೆ ಲೈಸೆನ್ಸ್ ನನ್ನದು. ಫೇಲಾದರೆ ರದ್ದು, ಮತ್ತೆ ಅ ಆ ಇ ಈಯಿಂದ.

ಮಾರ್ಚ್ 11, ಸೋಮವಾರ. ಸಂಜೆ

ಮಾವ ಊಟದ ಮೇಜಿನ ಎರಡು ಕುರ್ಚಿಗಳನ್ನು ಅಕ್ಕಪಕ್ಕ ಹಾಕಿದರು.

"ಮ್ಯಾಪ್ ಓದೋದು ನಿನಗೆ ಚೆನ್ನಾಗೇ ಬರತ್ತೆ. ನನ್ನಂಥೋನಿಗೆ ಬಾಯಿ ಮುಚ್ಚು ಅನ್ನೋಕೆ ಬರಲ್ಲ. ಅದನ್ನ ಕಲಿ. ಕೂತ್ಕೊ."

ನಾನು ಎಡಗಡೆ, ತೊಡೆಯ ಮೇಲೆ ಮ್ಯಾಪ್. ಮಾವ ಬಲಗಡೆ, ನಾನ್‌ಸ್ಟಾಪ್ ರೈಲಿನ ಕಥೆ, ನಡುನಡುವೆ ಬೇಕೆಂದೇ ತಪ್ಪು ದಾರಿ. ನಾನು ತಡೆಯಬೇಕು.

"ಮಾವ… ದಯವಿಟ್ಟು… ನಿಮಗೆ ಬೇಜಾರಾಗಲ್ಲ ಅಂದ್ರೆ ಸ್ವಲ್ಪ…"

"ನೀನು ವಾಕ್ಯ ಮುಗಿಸೋ ಹೊತ್ತಿಗೆ ವಿಮಾನ ಸೈನ್ಯದ ಅಡುಗೆಮನೇಲಿರತ್ತೆ!"

ಅತ್ತೆ ಸೌಟು ಹಿಡಿದು ಬಂದರು. "ಸರಿಯಾಗಿ ನೋಡ್ಕೊಳ್ಳೇ, ಹೀಗೆ." ಸೊಂಟಕ್ಕೆ ಕೈ. "ರೀ! ಬಾಯಿ ಮುಚ್ಕೊಳ್ರೀ!"

ಮಾವ ಗಪ್‌ಚಿಪ್.

ಇವನು ಸೋಫಾದಿಂದ ಚಪ್ಪಾಳೆ ತಟ್ಟಿದ. ಮಾವ ಅವನ ಕಡೆ ನೋಡಿ, "ನಿಮ್ಮಮ್ಮಂಗೆ ಆ ಲೈಸೆನ್ಸ್ ಮದುವೆ ದಿನವೇ ಬಂದಿತ್ತು."

ಮಾರ್ಚ್ 15

ಆಗುತ್ತಿಲ್ಲ. ಇವತ್ತು 'ಎಕ್ಸ್‌ಕ್ಯೂಸ್ ಮಿ ಅಂಕಲ್' ಎಂದುಬಿಟ್ಟೆ. ಅಂಕಲ್! ಅತ್ತೆ ನಕ್ಕೂ ನಕ್ಕೂ ನೆಲಕ್ಕೆ ಕೂತರು. ಕಾನ್ವೆಂಟಿನಲ್ಲಿ ಹತ್ತು ವರ್ಷ ಪೊಲೈಟ್ ಆಗಿರುವುದನ್ನೇ ಕಲಿಸಿದರು, ಅಪಾಯದಲ್ಲಿ ಅದನ್ನು ಆಫ್ ಮಾಡುವ ಸ್ವಿಚ್ ತೋರಿಸಲಿಲ್ಲ.

ಮಾರ್ಚ್ 24, ಭಾನುವಾರ

ಅಂದೆ!!!

ಗಾಳಿಯ ಲೆಕ್ಕ ಹಾಕುತ್ತಿದ್ದೆ. ಮಾವ ವಿಗ್ ಕಥೆ ಐದನೇ ಸಲ ತೆಗೆದರು. "ಮಾವ, ಸುಮ್ಮನಿರಿ!" — ಒಂದೇ ಉಸಿರಿಗೆ, ಪಾತ್ರೆಗಳು ಅದುರುವ ಹಾಗೆ. ಆಮೇಲೆ ಬಾತ್ರೂಮಿಗೆ ಓಡಿ ಅತ್ತುಬಿಟ್ಟೆ.

ಹೊರಗಿನಿಂದ ಮಾವ ಬಾಗಿಲು ತಟ್ಟಿದರು. "ಮಗಳೇ, ಚೆನ್ನಾಗಿತ್ತು. ಇನ್ನೊಂದ್ಸಲ ಅನ್ನು."

ಮಾರ್ಚ್ 30, ಶನಿವಾರ. ಬೆಳಿಗ್ಗೆ 11. ಕ್ಲಬ್ಬಿನ ಬೆಂಚು

ಈಗಷ್ಟೇ ಇಳಿದೆ. ಮರೆಯುವ ಮುಂಚೆ ಬರೆಯಲೇಬೇಕು.

ಪರೀಕ್ಷಕರಿಗೆ ಪೊದೆ ಮೀಸೆ, ಗಟ್ಟಿ ಕಂಠ. ಮೇಲೇರಿದ್ದೇ ಮಾತು. ಮದುವೆ ಎಲ್ಲಾಯ್ತು, ಹುಡುಗ ಏನು ಮಾಡ್ತಾನೆ, ನನ್ನ ದವಡೆಹಲ್ಲು ನೋಡ್ತಾನಾ? ಎರಡು ಕಾಲುವೆ ಸೇರುವಲ್ಲಿ ಕೈ ಚಾಚಿ, "ಬಲಕ್ಕೆ ತಗೊಳ್ಳಮ್ಮ, ಆ ನೀರಿನ ಟ್ಯಾಂಕ್ ನೋಡು, ನಾನು ಹುಟ್ಟಿ ಬೆಳೆದ ಜಾಗ ಇದು."

"ಮಾವ, ಸುಮ್ಮನಿರಿ!"

ಹೌದು. ಮಾವ ಎಂದೆ. ಪರೀಕ್ಷಕರಿಗೆ.

ಅವರ ಮೀಸೆ ಅಲ್ಲಾಡಿತು. ಸತ್ತೆ ಎಂದುಕೊಂಡೆ, ಆದರೆ ಕೈ ಆಗಲೇ ಮ್ಯಾಪ್ ಮೇಲಿತ್ತು. ಒಂದು ಸುತ್ತು ಹಾಕಿದೆ. ಟ್ಯಾಂಕು, ಕಾಲುವೆ, ವಾಚು, ಕಂಪಾಸ್ — ಎಲ್ಲವನ್ನೂ ಮ್ಯಾಪಿಗೆ ತಾಳೆ ನೋಡಿದೆ. ಆಮೇಲೆ ಬಲಕ್ಕೆ ತಿರುಗಿಸಿದೆ.

ಇಳಿದ ಮೇಲೆ ಬೆಲ್ಟ್ ಬಿಚ್ಚುತ್ತ ಕೇಳಿದರು. "ನಾನು ಹೇಳಿದ್ದು ಸರಿಯಾಗೇ ಇತ್ತಲ್ಲ?"

"ಇತ್ತು ಸರ್."

"ಮತ್ತೆ ಯಾಕೆ ಸುತ್ತು ಹಾಕಿದೆ?"

"ಸರಿ ಅಂತ ನನಗೆ ಇನ್ನೂ ಗೊತ್ತಿರಲಿಲ್ಲ ಸರ್."

ರೆಕ್ಕೆಯ ಮೇಲೆ ಕಾಗದ ಇಟ್ಟು ಸಹಿ ಹಾಕಿದರು. ಪಾಸ್! ಪಾಸ್! ಪಾಸ್! ಹೋಗುವಾಗ ತಿರುಗಿ, "ಅಂದ ಹಾಗೆ, ಆ ಮಾವ ಯಾರು?"

ಬೆರಳು ತೋರಿಸಿದೆ. ರನ್‌ವೇ ಆಚೆ ತಂತಿ ಬೇಲಿ, ಅದಕ್ಕೆ ಅಂಟಿಕೊಂಡು ಮೂರು ತಲೆಗಳು. ಪಾಸಾದದ್ದು ಆ ಮೂವರಿಗಿನ್ನೂ ಗೊತ್ತಿಲ್ಲ. ಮಾವ ಕೂಗಿ ಏನೋ ಕೇಳುತ್ತಿದ್ದಾರೆ, ಒಂದು ಅಕ್ಷರ ಕೇಳಿಸುತ್ತಿಲ್ಲ. ಎದ್ದು ನಿಂತು ಎರಡೂ ಕೈ ಎತ್ತಿದೆ. ಅತ್ತೆ ಇವನನ್ನು ತಬ್ಬಿಕೊಂಡರು. ಮಾವ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಈಗ ಕೋಟು ಬಿಚ್ಚಿ ಅತ್ತೆಯ ಕೈಗೆ… ಕಾವಲುಗಾರ ಸೀಟಿ ಊದುತ್ತಿದ್ದಾನೆ, ಮಾವ ಬೇಲಿ ಹತ್ತುತ್ತಿದ್ದಾರೆ, 'ಪ್ರವೇಶವಿಲ್ಲ' ಬೋರ್ಡಿನ ಮೇಲೇ ಕಾಲು — ಅಯ್ಯೋ, ಮಾವ, ಗೇಟು ಬಲಗಡೆ ಇದೆ, ಬಲಗ—