ತಳವಿಲ್ಲದ ಬಕೆಟ್

ಜೂನ್ 4, ಬೆಳಿಗ್ಗೆ

ಮತ್ತೆ ಪುದೀನ. ನಿನ್ನೆ ಕಿತ್ತ ಜಾಗದಲ್ಲೇ ತಲೆ ಎತ್ತಿದೆ. ಹಿತ್ತಿಲಲ್ಲಿ ಅಜ್ಜನ ಬೆಂಚಿಗೆ ಹೋಗುವ ದಾರಿಯ ಎರಡು ಬದಿಯೂ ಅದೇ. ಈಗ ಅತ್ತಿಗೆಯ ಕ್ಯಾರೆಟ್ ಪಾತಿಗೂ ನುಗ್ಗಿದೆ. ಹೋದ ವರ್ಷ ಒಂದು ಕಡ್ಡಿ ತಂದು ನೆಟ್ಟವಳು ನಾನೇ...

"ನೋಡೇ ಮೂಕಿ, ನಿನಗೆ ಬಾಯಿಲ್ಲ, ನಿನ್ನ ಗಿಡಕ್ಕೆ ಮೈಯೆಲ್ಲ ಕಾಲು! ಭಾನುವಾರದ ಮೇಲೆ ಒಂದು ಎಲೆ ಕಂಡ್ರೂ ಔಷಧಿ ಹೊಡೆಸ್ತೀನಿ" ಅಂದರು ಅತ್ತಿಗೆ. ನಾನು ಮಾತಾಡುವುದು ಕಡಿಮೆ, ಅದಕ್ಕೇ ಈ ಹೆಸರು.

ಅಣ್ಣ ನಕ್ಕ. ನನಗೂ ನಗು ಬಂತು — ನುಂಗಿಕೊಂಡೆ.

ಜೂನ್ 5

ಗುದ್ದಲಿಯಿಂದ ಕೊಚ್ಚಿ, ಎಲ್ಲ ಗೊಬ್ಬರದ ಗುಂಡಿಗೆ ಹಾಕಿದೆ. ಆಮೇಲೆ ನರ್ಸರಿಗೆ ಹೋದೆ. ಕೇಳಲು ನಾಚಿಕೆ, ಗೇಟಿನ ಹತ್ತಿರವೇ ನಿಂತಿದ್ದೆ. ನರ್ಸರಿಯವರೇ ಕರೆದರು.

"ಅಯ್ಯೋ, ಕೊಚ್ಚಿದ್ಯಾ? ತುಂಡಿಗೊಂದು ಗಿಡ ಬರುತ್ತಮ್ಮ! ಮಣ್ಣು ನೆನೆಸಿ ಬೇರನ್ನ ನಿಧಾನ ಎಳಿ, ಹೊಲಿಗೆ ಬಿಚ್ಚೋ ಹಾಗೆ."

ಹೊಲಿಗೆ ಬಿಚ್ಚುವುದು ನನಗೆ ಬರುತ್ತದೆ. ಟೈಲರ್ ಅಂಗಡಿಯಲ್ಲಿ ದಿನವಿಡೀ ನನಗೆ ಅದೇ ಕೆಲಸ.

ಜೂನ್ 8, ಸಂಜೆ

ಹಿತ್ತಿಲು ಬೋಳು. ಉಗುರಿನ ತುಂಬ ಮಣ್ಣು. "ಪರವಾಗಿಲ್ವೇ" ಅಂದರು ಅತ್ತಿಗೆ. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಜೂನ್ 9

ಬೆಂಚಿಗೆ ಹೊರಟ ಅಜ್ಜ ಬೇಲಿಗೆ ಹೋಗಿ ಢಿಕ್ಕಿ ಹೊಡೆದರು. ಮೊಣಕೈ ತರಚಿದೆ. "ನಿದ್ದೆಗಣ್ಣು ಕಣೆ" ಅಂದರು.

ಜೂನ್ 14

ಅಜ್ಜ ಅಂದಿನಿಂದ ಹೊರಗೇ ಬಂದಿಲ್ಲ. ಇವತ್ತು ಟೀ ಕೊಟ್ಟೆ. ಕೈ ಲೋಟದ ಪಕ್ಕದಲ್ಲಿ ತಡಕಾಡಿತು... ಲೋಟವನ್ನು ಕೈಗೇ ಹಿಡಿಸಿದೆ.

"ಬರೀ ಬೆಳಕು, ನೆರಳು ಗೊತ್ತಾಗುತ್ತೆ" ಅಂದರು ಕೊನೆಗೆ. "ಕಾಲಿಗೆ ಪುದೀನ ಸಿಕ್ಕಿದ್ರೆ ಘಮ್ ಅನ್ನೋದು. ಎರಡೂ ಕಡೆ ಘಮ ಇದ್ರೆ ಸರಿ ದಾರಿ. ಈಗ ಎತ್ತ ಹೋಗಲಿ? ನಿಮ್ಮಣ್ಣನಿಗೆ ಗೊತ್ತಾದ್ರೆ ಮಂಚ ಬಿಟ್ಟು ಏಳೋಕೆ ಬಿಡಲ್ಲ."

ಆ ದಾರಿಯನ್ನು ನಾನೇ ಬೇರು ಸಮೇತ ಕಿತ್ತಿದ್ದೇನೆ.

"ಅತ್ತಿಗೆಗಾದ್ರೂ ಹೇಳಲಾ?"

"ನೀನಾ? ಮಾತಾಡ್ತೀಯಾ?" ನಕ್ಕರು. ಬೇಡ ಅನ್ನಲಿಲ್ಲ.

ಜೂನ್ 15

ಅತ್ತಿಗೆ ಬಟ್ಟೆ ಒಣಹಾಕುತ್ತಿದ್ದರು. ಹಿಂದೆ ಹೋಗಿ ನಿಂತೆ.

"ಅಜ್ಜನಿಗೆ ಕಣ್ಣು ಕಾಣ್ತಿಲ್ಲ. ಪುದೀನ ಬೇಕು."

ಅವರ ಕೈಯಲ್ಲಿದ್ದ ಕ್ಲಿಪ್ ಹಾಗೇ ಉಳಿಯಿತು. ಮಿಕ್ಕದ್ದನ್ನೂ ಹೇಳಿದೆ. ಇಷ್ಟು ಮಾತು ಅವರ ಹತ್ತಿರ ಎಂದೂ ಆಡಿಲ್ಲ. ಅವರು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದರು. ಬಂದಾಗ ಕೈಯಲ್ಲಿ ಹಳೇ ಬಕೆಟ್‌ಗಳು, ಗರಗಸ.

"ತಳ ಕೊಯ್ದು ದಾರಿಯ ಎರಡೂ ಬದಿ ಹೂಳೋಣ, ಒಳಗೆ ಪುದೀನ. ಅಂಚು ಮಣ್ಣಿನ ಮೇಲಿರ್ಲಿ, ಬೇರು ಆಚೆ ಓಡಲ್ಲ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ನಿಮ್ಮಣ್ಣನಿಗೂ ನಾನೇ ಹೇಳ್ತೀನಿ. ಆದ್ರೆ ನನ್ನ ಕ್ಯಾರೆಟ್ ತಂಟೆಗೆ ಬಂತೋ..."

ನೆಡಲು ಕಡ್ಡಿ? ಗೊಬ್ಬರದ ಗುಂಡಿಯಲ್ಲಿ ನಾನು ಕೊಚ್ಚಿ ಹಾಕಿದ ತುಂಡುಗಳೆಲ್ಲ ಚಿಗುರಿದ್ದವು! ಅತ್ತಿಗೆ ಹಣೆ ಚಚ್ಚಿಕೊಂಡು ನಕ್ಕರು.

ಜುಲೈ 20, ಬೆಳಿಗ್ಗೆ

ಹಿತ್ತಿಲ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಕೆಲಸವಿಲ್ಲದಿದ್ದರೆ ಓಡಿಹೋಗಿ ಅಜ್ಜನನ್ನು ಹಿಡಿದುಕೊಂಡೇನು. ಡಾಕ್ಟರು ಒಂದು ಕಣ್ಣಿನ ಮೇಲೆ ಸ್ವಲ್ಪ ಆಸೆ ಇಟ್ಟುಕೊಳ್ಳಿ ಅಂದಿದ್ದಾರೆ. ಅದು ಆಮೇಲಿನ ಮಾತು. ಈಗ ಅಜ್ಜ ಇಳಿದಿದ್ದಾರೆ, ಒಬ್ಬರೇ. ಕಿಟಕಿಯಲ್ಲಿ ಅತ್ತಿಗೆ, ಅವರ ಹಿಂದೆ ಅಣ್ಣ. ಕೋಲು ಮೊದಲ ಬಕೆಟ್‌ಗೆ ತಾಗಿತು. ಬಗ್ಗಿ ಎಲೆ ಸವರಿದರು. ಮುಂದಿನದು... ಬೇಲಿಯ ಕಡೆ ವಾಲಿದರು — ನಿಂತರು — ಮೂಗು ಎತ್ತಿ ತಿರುಗಿದರು. ಘಮ ಇಲ್ಲಿಯವರೆಗೂ ಬಂತು. ತಲೆ ಎತ್ತಿ ನೋಡಲು ಭಯ...

"ಎಲ್ಲೇ ಮೂಕಿ? ಟೀ ಬೆಂಚಿಗೇ ತಾ!"

ಬಂದೆ ಅಜ್ಜ, ಬಂ—